ಗೋಕುಲ ರೋಡಿನಿಂದ ಸಾಂಬ್ರಾಕ್ಕೆ ಎಷ್ಟು ದೂರ?

ಕಿತ್ತೂರಿನಿಂದ ಕಾಕಾ ಫೋನ್ ಮಾಡಿದ್ದರು. ಬೆಂಗಳೂರಿನಲ್ಲಿರುವ ಮಗಳು ದೀಪಾವಳಿಗೆ ವಿಮಾನದಲ್ಲಿ ಬರುವವಳಿದ್ದಳು. “ತಮ್ಮಾ, ಹುಬ್ಬಳ್ಳ್ಯಾಗ ಇಳಿ ಅನ್ನಲೋ, ಸಾಂಬ್ರಾದಾಗ ಇಳಿ ಅನ್ನಲೋ? ನಮಗ ಯಾವುದು ಸಮೀಪ ಆಗತೈತಿ?” ಹುಬ್ಬಳ್ಳಿ ಎಂದೆ. ಒಂದು ಗಳಿಗೆ ಸುಮ್ಮನಿದ್ದು ಇನ್ನೊಂದು ಪ್ರಶ್ನೆ ಕೇಳಿದರು: “ಅಲ್ಲಾ, ಈ ಎರಡೂ ಏರ್‌ಪೋರ್ಟಿನ ನಡುವ ಎಷ್ಟು ದೂರ ಐತಿ?” ನೂರು ಕಿಲೋಮೀಟರ್ ಇರಬಹುದು ಕಾಕಾ ಎಂದು ಹೇಳಿ ಫೋನ್ ಇಟ್ಟೆ.

ಇಟ್ಟ ಮೇಲೆ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಕಿತ್ತೂರಿನಿಂದ ಧಾರವಾಡ ದಾಟಿ ಹುಬ್ಬಳ್ಳಿಯ ಗೋಕುಲ ರೋಡಿನ ನಿಲ್ದಾಣಕ್ಕೆ ಐವತ್ತು ಕಿ.ಮೀ. ಆಸುಪಾಸು. ಇತ್ತ ಬೆಳಗಾವಿ ದಾಟಿ ಅಲ್ಲಿಯ ವಿಮಾನ ನಿಲ್ದಾಣವಿರುವ ಸಾಂಬ್ರಾಕ್ಕೆ ಹೋದರೆ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡು ವಿಮಾನ ನಿಲ್ದಾಣಗಳ ನಟ್ಟನಡುವೆ ಕಾಕಾನ ಮನೆಯಿದೆ. ಅವರ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ಹೊರಟರೆ ದೂರ ಎನ್ನುವ ಮಾತಿಗೇ ಎಷ್ಟೊಂದು ಅರ್ಥಗಳಿವೆ ಎಂಬುದು ತಿಳಿಯತೊಡಗುತ್ತದೆ.

ಮೊದಲು ನೇರ ದೂರವನ್ನೇ ನೋಡೋಣ. ಇದಕ್ಕೆ ಮೊಬೈಲ್ ಬೇಕಿಲ್ಲ, ಹೈಸ್ಕೂಲಿನ ಗಣಿತ ಸಾಕು. ಹುಬ್ಬಳ್ಳಿ ನಿಲ್ದಾಣ ಇರುವುದು 15.36 ಡಿಗ್ರಿ ಉತ್ತರ ಅಕ್ಷಾಂಶ, 75.08 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಳಗಾವಿಯದು 15.86 ಮತ್ತು 74.62. ಅಕ್ಷಾಂಶದ ವ್ಯತ್ಯಾಸ ಅರ್ಧ ಡಿಗ್ರಿ. ಒಂದು ಡಿಗ್ರಿಗೆ ಹತ್ತಿರ ಹತ್ತಿರ 111 ಕಿ.ಮೀ. ಆದ್ದರಿಂದ ಬೆಳಗಾವಿ ನಿಲ್ದಾಣ ಹುಬ್ಬಳ್ಳಿಯದಕ್ಕಿಂತ 55 ಕಿ.ಮೀ. ಉತ್ತರಕ್ಕಿದೆ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 107 ಕಿ.ಮೀ. ಮಾತ್ರ. ಆ ಲೆಕ್ಕದಲ್ಲಿ ಬೆಳಗಾವಿ ಸುಮಾರು 50 ಕಿ.ಮೀ. ಪಶ್ಚಿಮಕ್ಕಿದೆ. ಉತ್ತರಕ್ಕೆ 55, ಪಶ್ಚಿಮಕ್ಕೆ 50. ಇನ್ನು ಪೈಥಾಗೊರಸ್ ಪ್ರಮೇಯ ಹಾಕಿದರೆ ಕರ್ಣ 74 ಕಿ.ಮೀ. ಭೂಮಿ ಗುಂಡಗಿದೆ ನಿಜ. ಇಷ್ಟು ಸಣ್ಣ ದೂರಕ್ಕೆ ಆ ಬಾಗು ಲೆಕ್ಕವನ್ನು ಹೆಚ್ಚೇನೂ ಬದಲಿಸುವುದಿಲ್ಲ.

ಈ 74 ಎನ್ನುವುದು ಯಾವ ಬಿಂದುವಿನಿಂದ ಯಾವ ಬಿಂದುವಿಗೆ? ನಿಲ್ದಾಣದ ಗೇಟಿನಿಂದ ಗೇಟಿಗಲ್ಲ. ಪ್ರತಿ ವಿಮಾನ ನಿಲ್ದಾಣಕ್ಕೂ ಒಂದು ಅಧಿಕೃತ ಉಲ್ಲೇಖ ಬಿಂದು ಇರುತ್ತದೆ. ಸಾಮಾನ್ಯವಾಗಿ ಅದು ರನ್‌ವೇ ವ್ಯವಸ್ಥೆಯ ನಡುಭಾಗದಲ್ಲಿರುತ್ತದೆ. ನಕ್ಷೆಗಳಲ್ಲಿ, ಸರ್ಕಾರದ ಕಡತಗಳಲ್ಲಿ, ಪೈಲಟ್‌ಗಳ ಪುಸ್ತಕದಲ್ಲಿ ನಿಲ್ದಾಣ ಎಂದರೆ ಆ ಒಂದು ಚುಕ್ಕಿ. ಪೈಲಟ್‌ಗಳು ಕಿಲೋಮೀಟರ್ ಹಿಡಿಯುವುದಿಲ್ಲ, ನಾಟಿಕಲ್ ಮೈಲಿ ಹಿಡಿಯುತ್ತಾರೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.; ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು. ಹಡಗಿನವರಿಂದ ಬಂದ ಅಳತೆ ಇದು. ನಮ್ಮ ಹಿರಿಯರು ಹರದಾರಿ, ಗಾವುದ ಎಂದು ನಡೆಯುವ ಕಾಲಿಗೆ ತಕ್ಕ ಅಳತೆ ಇಟ್ಟುಕೊಂಡಿದ್ದರು. ಸಮುದ್ರದವರು ಭೂಮಿಯ ಸುತ್ತಳತೆಗೆ ತಕ್ಕ ಅಳತೆ ಇಟ್ಟುಕೊಂಡರು. ಆ ಲೆಕ್ಕದಲ್ಲಿ ಹುಬ್ಬಳ್ಳಿ–ಬೆಳಗಾವಿ ನಡುವೆ ಸರಿಯಾಗಿ 40 ನಾಟಿಕಲ್ ಮೈಲಿ.

ನಲವತ್ತು ಮೈಲಿಯನ್ನು ವಿಮಾನ ಹಾರುವುದು ಹೇಗೆ? ಒಂದು ಎಟಿಆರ್ ವಿಮಾನ ಎಂದಿಟ್ಟುಕೊಳ್ಳಿ, ಎರಡು ಪಂಖದ, ಎಪ್ಪತ್ತು ಚಿಲ್ಲರೆ ಸೀಟಿನದು. ಮೇಲೇರಿದ ಮೇಲೆ ತಾಸಿಗೆ 500 ಕಿ.ಮೀ. ವೇಗ. ಆ ವೇಗದಲ್ಲಿ ಭಾಗಿಸಿದರೆ ಒಂಬತ್ತು ನಿಮಿಷ ಸಾಕು. ಆದರೆ ಆ ವೇಗ ಸಿಗುವುದಕ್ಕೆ ಮೊದಲೇ ಬೆಳಗಾವಿ ಬಂದುಬಿಡುತ್ತದೆ. ವಿಮಾನ ಇಳಿಯುವುದಕ್ಕೆ ಪೈಲಟ್‌ಗಳಲ್ಲಿ ಒಂದು ರೂಢಿಯ ಲೆಕ್ಕವಿದೆ: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ಹತ್ತು ಸಾವಿರ ಅಡಿಯಿಂದ ಇಳಿಯಲು ಮೂವತ್ತು. ಇರುವುದೇ ನಲವತ್ತು. ಏರುವ ಕೆಲಸ ಮುಗಿಯುವ ಮೊದಲೇ ಇಳಿಯುವ ಕೆಲಸ ಶುರು ಮಾಡಬೇಕು. ಎರಡೂ ಕಡೆಯ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿವೆ, ಹೋಗಬೇಕಾದದ್ದು ವಾಯವ್ಯಕ್ಕೆ. ಆದ್ದರಿಂದ ಹುಬ್ಬಳ್ಳಿಯಲ್ಲಿ ಎದ್ದ ಮೇಲೆ ಒಂದು ತಿರುವು, ಬೆಳಗಾವಿಯ ರನ್‌ವೇಗೆ ನೇರವಾಗಲು ಇನ್ನೊಂದು ತಿರುವು. ಕಾಗದದ ಮೇಲಿನ 74 ಕಿ.ಮೀ. ಆಕಾಶದಲ್ಲಿ ಸುಲಭವಾಗಿ ತೊಂಬತ್ತರ ಮೇಲಾಗುತ್ತದೆ.

ಹಣದ ಲೆಕ್ಕವೂ ಹೀಗೆಯೇ. ವಿಮಾನಕ್ಕೆ ದುಬಾರಿಯಾಗುವುದು ಏರುವಾಗ ಮತ್ತು ಇಳಿಯುವಾಗ. ಏರಲು ಎಂಜಿನ್ ಪೂರ್ತಿ ದುಡಿಯಬೇಕು, ಇಳಿದಾಗ ಗಾಲಿ, ಬ್ರೇಕು ಸವೆಯುತ್ತವೆ, ಪ್ರತಿ ಇಳಿತಕ್ಕೂ ನಿಲ್ದಾಣದ ಶುಲ್ಕ ಕಟ್ಟಬೇಕು. ಸಾವಿರ ಕಿ.ಮೀ. ಹಾರಿದರೂ ಈ ಖರ್ಚು ಒಂದೇ ಸಲ, ಎಪ್ಪತ್ತು ಕಿ.ಮೀ. ಹಾರಿದರೂ ಒಂದು ಸಲ. ಕಡಿಮೆ ದೂರಕ್ಕೆ ಆ ಖರ್ಚನ್ನು ಹಂಚಿದರೆ ಪ್ರತಿ ಕಿಲೋಮೀಟರಿನ ಬೆಲೆ ಗಗನಕ್ಕೇರುತ್ತದೆ. ಇದನ್ನು ಅರಿತೇ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ರೂಪಿಸಿದಾಗ ನೆರವು ಕೊಡುವ ಮಾರ್ಗಗಳ ಉದ್ದ 200ರಿಂದ 800 ಕಿ.ಮೀ. ಇರಬೇಕೆಂದು ಇಟ್ಟಿತ್ತು. ಗುಡ್ಡಗಾಡು, ದ್ವೀಪ, ದುರ್ಗಮ ಪ್ರದೇಶಗಳಿಗೆ ಮಾತ್ರ ಕೆಳಮಿತಿ ಇರಲಿಲ್ಲ.

ಆ ವಿನಾಯಿತಿಯ ಹಿಂದಿನ ತಿಳಿವಳಿಕೆ ಬಹಳ ದೊಡ್ಡದು. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇ ಎಂಬ ದ್ವೀಪದಿಂದ ಪಾಪಾ ವೆಸ್ಟ್ರೇ ಎಂಬ ದ್ವೀಪಕ್ಕೆ 1967ರಿಂದ ವಿಮಾನ ಓಡಾಡುತ್ತಿದೆ. ನಡುವಿನ ದೂರ 2.7 ಕಿ.ಮೀ. ವೇಳಾಪಟ್ಟಿ ಇಟ್ಟುಕೊಂಡು ಹಾರುವ ವಿಮಾನ ಮಾರ್ಗಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು. ಎರಡು ನಿಮಿಷದ ಪ್ರಯಾಣ; ಗಾಳಿ ಕೂಡಿಬಂದ ಒಂದು ದಿನ 53 ಸೆಕೆಂಡಿನಲ್ಲಿ ಮುಗಿದ ದಾಖಲೆಯಿದೆ. ನಮ್ಮ ಹುಬ್ಬಳ್ಳಿಯ ವಿದ್ಯಾನಗರದಿಂದ ಹಳೇ ಬಸ್ ಸ್ಟ್ಯಾಂಡಿಗೆ ಹೋಗುವಷ್ಟು ದೂರಕ್ಕೆ ಅಲ್ಲಿ ವಿಮಾನ ಬೇಕಾಗಿದೆ, ಯಾಕೆಂದರೆ ನಡುವೆ ಒರಟು ಸಮುದ್ರವಿದೆ. ಶಾಲೆಗೆ ಹೋಗುವ ಶಿಕ್ಷಕರು, ಆಸ್ಪತ್ರೆಗೆ ಹೋಗುವ ರೋಗಿಗಳು ಅದರಲ್ಲಿ ಕೂರುತ್ತಾರೆ. ಅಲ್ಲಿ 2.7 ಕಿ.ಮೀ. ದೂರ, ಇಲ್ಲಿ 74 ಕಿ.ಮೀ. ಸಮೀಪ. ನಡುವೆ ಏನಿದೆ ಎಂಬುದನ್ನು ಕೇಳದೆ ದೂರವನ್ನು ಅಳೆಯಲು ಬರುವುದಿಲ್ಲ.

ಹುಬ್ಬಳ್ಳಿ, ಬೆಳಗಾವಿ ನಡುವೆ ಸಮುದ್ರವಿಲ್ಲ. ರಾಷ್ಟ್ರೀಯ ಹೆದ್ದಾರಿ 48 ಇದೆ, ಹಳಬರಿಗೆ ಪಿ.ಬಿ. ರೋಡ್. ಗೋಕುಲ ರೋಡಿನಿಂದ ಹೊರಟು ಧಾರವಾಡ ಬೈಪಾಸ್ ಹಿಡಿದು, ತೇಗೂರು, ಕಿತ್ತೂರು, ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿ ಟೋಲ್, ಎಡಬಲಕ್ಕೆ ಕಬ್ಬಿನ ಹೊಲ, ಆಮೇಲೆ ಗುಡ್ಡದ ಮೇಲೆ ಸುವರ್ಣ ವಿಧಾನಸೌಧ ಕಂಡರೆ ಬೆಳಗಾವಿ ಬಂತು ಎಂದರ್ಥ. ಅಲ್ಲಿಂದ ಊರಿನ ಪೂರ್ವಕ್ಕೆ ಬಾಗಲಕೋಟೆ ರಸ್ತೆಯಲ್ಲಿ ಸಾಂಬ್ರಾ. ಎಲ್ಲ ಸೇರಿ ನೂರು ಕಿ.ಮೀ.ಗೆ ತುಸು ಹೆಚ್ಚು. ದಾರಿ ಖಾಲಿಯಿದ್ದರೆ ಎರಡು ತಾಸಿನ ಒಳಗೆ ಮುಟ್ಟಬಹುದು. ವಿಮಾನಕ್ಕಾದರೆ ನಿಲ್ದಾಣದ ಕೌಂಟರ್ ಮುಚ್ಚುವ ಮೊದಲು, ಅಂದರೆ ತಾಸಿಗೂ ಮುಂಚೆ ಅಲ್ಲಿರಬೇಕು. ಅಷ್ಟರಲ್ಲಿ ವಾಯವ್ಯ ಸಾರಿಗೆಯ ಬಸ್ಸು ಕಿತ್ತೂರು ದಾಟಿರುತ್ತದೆ.

ರೈಲಿನದು ಬೇರೆಯೇ ಕಥೆ, ಮತ್ತು ಈ ಲೇಖನದಲ್ಲಿ ನನಗೆ ಹೆಚ್ಚು ನೋವು ಕೊಡುವ ಕಥೆ. ಹುಬ್ಬಳ್ಳಿಯಿಂದ ಬೆಳಗಾವಿಗೆ ರೈಲು ನೇರ ಹೋಗುವುದಿಲ್ಲ. ಧಾರವಾಡ, ಅಳ್ನಾವರ ದಾಟಿ ಪಶ್ಚಿಮಕ್ಕೆ ಲೋಂಡಾದವರೆಗೆ, ಅಂದರೆ ಗೋವೆಯ ಬಾಗಿಲ ತನಕ ಹೋಗಿ, ಅಲ್ಲಿಂದ ಉತ್ತರಕ್ಕೆ ತಿರುಗಿ ಖಾನಾಪುರದ ಮೇಲೆ ಬೆಳಗಾವಿಗೆ ಬರುತ್ತದೆ. ಒಟ್ಟು 140 ಕಿ.ಮೀ. ಆಗುತ್ತದೆ. ಬ್ರಿಟಿಷರ ಕಾಲದಲ್ಲಿ ಮುರ್ಮಗಾಂವ್ ಬಂದರಿಗೆ ಸರಕು ಸಾಗಿಸಲು ಅನುಕೂಲವಾಗುವಂತೆ ಹಾಕಿದ ಹಳಿಗಳು ಇಂದಿಗೂ ನಮ್ಮ ದೂರವನ್ನು ನಿರ್ಧರಿಸುತ್ತಿವೆ. ಅದೇ ಎರಡು ಊರು, ಮೂರು ದೂರ: ಆಕಾಶದಲ್ಲಿ 74, ರಸ್ತೆಯಲ್ಲಿ ನೂರು, ಹಳಿಯ ಮೇಲೆ 140.

ಇನ್ನು ಸರ್ಕಾರಕ್ಕೆ ಬೇಕಾಗುವ ದೂರ. ವಿಮಾನಯಾನದ ಕಡತಗಳಲ್ಲಿ 150 ಕಿ.ಮೀ. ಎನ್ನುವ ಸಂಖ್ಯೆಗೆ ದೊಡ್ಡ ಅಧಿಕಾರವಿದೆ. 2008ರ ಗ್ರೀನ್‌ಫೀಲ್ಡ್ ವಿಮಾನ ನಿಲ್ದಾಣ ನೀತಿಯ ಪ್ರಕಾರ ಈಗಿರುವ ನಾಗರಿಕ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದೊಂದು ಬರುವುದಾದರೆ, ಹಳೆಯದರ ಮೇಲೆ ಆಗುವ ಪರಿಣಾಮವನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ದೇವನಹಳ್ಳಿಯ ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲೂ ಇದೇ 150. ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಅಲ್ಲಿಂದ 25 ವರ್ಷ, ಅಂದರೆ 2033ರವರೆಗೆ, ಆ ವ್ಯಾಪ್ತಿಯೊಳಗೆ ಬೇರೊಂದು ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ದೇಶದೊಳಗಿನ ಹಾರಾಟದ ನಿಲ್ದಾಣಗಳಲ್ಲಿ ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ಗಡಿಯಾಚೆ ಹೊಸೂರಿನಲ್ಲಿ ನಿಲ್ದಾಣ ಕಟ್ಟುತ್ತೇವೆಂದು ತಮಿಳುನಾಡು ಸರ್ಕಾರ 2024ರಲ್ಲಿ ಘೋಷಿಸಿದಾಗ ಎಲ್ಲರೂ ಮೊದಲು ತೆಗೆದು ನೋಡಿದ್ದು ಈ ಷರತ್ತನ್ನೇ. ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೂ ಇಂಥದೇ ಷರತ್ತಿತ್ತು. ಅದರಿಂದಾಗಿ ಬೀದರ ಹಲವು ವರ್ಷ ಕಾಯಬೇಕಾಯಿತು. ಅಲ್ಲಿನ ವಾಯುಪಡೆ ನೆಲೆಯಲ್ಲಿ ನಾಗರಿಕ ಟರ್ಮಿನಲ್ ತೆರೆದದ್ದು 2020ರ ಫೆಬ್ರುವರಿಯಲ್ಲಿ.

ಹೂಡಿಕೆ ಮಾಡಿದವರಿಗೆ ಭದ್ರತೆ ಬೇಕು ಎನ್ನುವುದು ನ್ಯಾಯವೇ. ನನ್ನ ತಕರಾರು ಅಳತೆಗೋಲಿನ ಬಗ್ಗೆ. ಬೀದರ ನಿಲ್ದಾಣದಿಂದ ಶಂಷಾಬಾದಿಗೆ ನೇರ ದೂರ 125 ಕಿ.ಮೀ. ಹತ್ತಿರ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೂ ನೇರ ದೂರ ಬಹುತೇಕ ಅಷ್ಟೇ, 126. ಸ್ಕೇಲಿಟ್ಟು ನೋಡಿದವನಿಗೆ ಎರಡೂ ಒಂದೇ. ಬೀದರದಿಂದ ಹೈದರಾಬಾದಿಗೆ ಬಯಲುಸೀಮೆಯ ಸಪಾಟು ರಸ್ತೆ, ಎರಡೂವರೆ ಮೂರು ತಾಸಿನ ಮಾತು. ಶಿವಮೊಗ್ಗದಿಂದ ಮಂಗಳೂರಿಗೆ ಹೋಗುವವರು ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿಯ ತಿರುವುಗಳನ್ನು ಒಂದೊಂದಾಗಿ ಇಳಿದು, ಸೋಮೇಶ್ವರ, ಕಾರ್ಕಳ, ಮೂಡುಬಿದಿರೆ ಎಂದು ಹೋಗಬೇಕು. ಇನ್ನೂರು ಕಿ.ಮೀ. ಆಸುಪಾಸು, ಐದು ತಾಸು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಇಲ್ಲ, ಭಾರಿ ವಾಹನಗಳಿಗಂತೂ ಪ್ರವೇಶವೇ ಇಲ್ಲ. ಘಟ್ಟದ ಮೇಲಿನ ಜನರಿಗೆ 2023ರಲ್ಲಿ ತಮ್ಮದೇ ನಿಲ್ದಾಣ ಸಿಕ್ಕಿತು, ಕುವೆಂಪು ಅವರ ಹೆಸರಿಟ್ಟರು. ಅದು ಸರಿಯಾದ ಕೆಲಸ. ಅದನ್ನು ಮಂಗಳೂರಿಗೆ ಸಮೀಪದ ನಿಲ್ದಾಣ ಎಂದು ಕರೆಯುವವರು ಆಗುಂಬೆಯಲ್ಲಿ ಒಮ್ಮೆ ವಾಹನಗಳ ಸಾಲಿನ ಹಿಂದೆ ನಿಂತು ನೋಡಬೇಕು. ದೂರವನ್ನು ತಾಸಿನಲ್ಲಿ ಅಳೆಯುವ ನಿಯಮ ಬರಬೇಕು ಎಂಬುದೇ ನನ್ನ ವಾದ.

ಮೈಸೂರಿನ ಮಂಡಕಳ್ಳಿಯಿಂದ ದೇವನಹಳ್ಳಿಗೆ ನೇರ ದೂರ 156 ಕಿ.ಮೀ. ಹೆದ್ದಾರಿ ಅಗಲವಾದ ಮೇಲೆ ಈ ಎರಡರ ನಡುವಿನ ಹಾರಾಟದ ಅರ್ಥವೇ ಬದಲಾಗಿದೆ. ಮೈಸೂರಿಗೆ ಬೇಕಾದದ್ದು ಚೆನ್ನೈ, ಹೈದರಾಬಾದು, ಗೋವೆಯಂಥ ದೂರದ ಊರುಗಳ ಸಂಪರ್ಕ. ಗೋವೆಯನ್ನೇ ನೋಡಿ. ದಾಬೋಳಿಯಿಂದ ನೇರ ನಲವತ್ತು ಕಿ.ಮೀ. ದೂರದಲ್ಲಿ, ಪುಟ್ಟ ರಾಜ್ಯದ ಉತ್ತರ ತುದಿಯಲ್ಲಿ ಮೋಪಾ ನಿಲ್ದಾಣ 2023ರ ಜನವರಿಯಿಂದ ಕೆಲಸ ಮಾಡುತ್ತಿದೆ. ಟಿಕೆಟ್ ಮೇಲೆ ಗೋವಾ ಎಂದಷ್ಟೇ ಓದಿ ಮಡಗಾಂವಿನಲ್ಲಿ ಕೋಣೆ ಹಿಡಿದು ಮೋಪಾದಲ್ಲಿ ಇಳಿದವರ ಪಾಡು ಹೇಳತೀರದು.

ಮರಳಿ ನಮ್ಮ ಸೀಮೆಗೆ. ಸಾಂಬ್ರಾ ನಿಲ್ದಾಣ ಎರಡನೇ ಮಹಾಯುದ್ಧದ ಕಾಲದ್ದು, 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಇಂದಿಗೂ ಅದರ ಮಗ್ಗುಲಲ್ಲೇ ನಮ್ಮ ವಾಯುಪಡೆಯ ಯೋಧರ ತರಬೇತಿ ಶಾಲೆಯಿದೆ. ಹುಬ್ಬಳ್ಳಿಗೂ ಬೆಳಗಾವಿಗೂ 2017ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಹೊಸ ಟರ್ಮಿನಲ್ ಬಂತು. ರನ್‌ವೇಗಳು ಉದ್ದವಾದವು, ಹುಬ್ಬಳ್ಳಿಯದು 2,600 ಮೀಟರ್, ಬೆಳಗಾವಿಯದು 2,300. ಅಲ್ಲಿಂದ ಶುರುವಾದದ್ದು ಎಳೆದಾಟ. 2018ರಲ್ಲಿ ಹುಬ್ಬಳ್ಳಿಗೆ ಉಡಾನ್ ನೆರವು ಸಿಕ್ಕಿತು, ಬೆಳಗಾವಿಗೆ ಸಿಗಲಿಲ್ಲ. ಬೆಳಗಾವಿಯಿಂದ ಹಾರುತ್ತಿದ್ದ ವಿಮಾನಗಳು ಎದ್ದು ಹುಬ್ಬಳ್ಳಿಗೆ ಬಂದವು. ಬೆಳಗಾವಿಯ ಜನ ಸಿಟ್ಟಾದರು, ಅದರಲ್ಲಿ ತಪ್ಪಿಲ್ಲ. 2019ರಲ್ಲಿ ಉಡಾನ್ ಮೂರನೇ ಸುತ್ತು ಬೆಳಗಾವಿಗೆ ಹಲವಾರು ಮಾರ್ಗಗಳನ್ನು ಕೊಟ್ಟಿತು, ಸಾಂಬ್ರಾ ಗಿಜಿಗುಟ್ಟಿತು. ಉಡಾನ್ ನೆರವು ಮೂರು ವರ್ಷಕ್ಕೆ ಮಾತ್ರ. ಅವಧಿ ತೀರಿದಂತೆ ಕೆಲವು ಮಾರ್ಗಗಳು ನಿಂತವು, ಮತ್ತೆ ಕೂಗು ಎದ್ದಿತು.

ಈ ಜಗ್ಗಾಟದಲ್ಲಿ ಎರಡೂ ಊರಿನವರು ತಮ್ಮ ತಮ್ಮ ಮೂಗಿನ ನೇರಕ್ಕೆ ಮಾತಾಡಿದ್ದನ್ನು ನಾನು ಸಾಕಷ್ಟು ಕೇಳಿದ್ದೇನೆ. ಅವರಿಗೆ ವಿಮಾನ ಬಂದರೆ ನಮಗೆ ಹೋಯಿತು ಎನ್ನುವ ಲೆಕ್ಕ ಪೂರ್ತಿ ಸುಳ್ಳೇನಲ್ಲ, ಎರಡೂ ಊರಿನಿಂದ ಒಂದೇ ಹೊತ್ತಿಗೆ ಒಂದೇ ಬೆಂಗಳೂರಿಗೆ ವಿಮಾನ ಎದ್ದರೆ ಎರಡರಲ್ಲೂ ಅರ್ಧ ಸೀಟು ಖಾಲಿ ಉಳಿಯುತ್ತವೆ. ಆದರೆ ಒಂದು ಕಡೆ ಬೆಳಿಗ್ಗೆ, ಇನ್ನೊಂದು ಕಡೆ ಸಂಜೆ ಎಂದು ಹೊತ್ತನ್ನು ಹಂಚಿಕೊಂಡರೆ? ಒಂದು ಊರಿನಿಂದ ಪುಣೆ, ಇನ್ನೊಂದರಿಂದ ಅಹಮದಾಬಾದು ಎಂದು ದಿಕ್ಕನ್ನು ಹಂಚಿಕೊಂಡರೆ? ಆಗ ಕಿತ್ತೂರು, ಬೈಲಹೊಂಗಲ, ಸವದತ್ತಿ, ಧಾರವಾಡದ ಪ್ರಯಾಣಿಕರಿಗೆ ಒಂದರ ಬದಲು ಎರಡು ನಿಲ್ದಾಣ ಸಿಕ್ಕಂತೆ. ಎಪ್ಪತ್ತನಾಲ್ಕು ಕಿಲೋಮೀಟರ್ ಎಂಬುದು ಜಗಳಕ್ಕೆ ಸಾಕಾಗುವಷ್ಟು ಸಮೀಪ, ಹಾಗೆಯೇ ಜೊತೆಗೂಡಿ ಕೆಲಸ ಮಾಡುವುದಕ್ಕೂ ಸಾಕಾಗುವಷ್ಟು ಸಮೀಪ.

ಸಮೀಪದ ನಿಲ್ದಾಣದಿಂದ ಪೈಲಟ್‌ಗೂ ಒಂದು ಉಪಯೋಗವಿದೆ. ಪ್ರತಿ ವಿಮಾನ ಹೊರಡುವಾಗಲೂ ತಲುಪುವ ಊರಿಗೆ ಬೇಕಾದ ಇಂಧನದ ಜೊತೆಗೆ, ಅಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಕೊನೆಯ ಆಪತ್ತಿಗೆಂದು ಇನ್ನಷ್ಟು ತುಂಬಿಕೊಂಡಿರಬೇಕು. ಬದಲಿ ನಿಲ್ದಾಣ ಹತ್ತಿರವಿದ್ದಷ್ಟೂ ಹೊರುವ ಇಂಧನ ಕಡಿಮೆ. ಆದರೆ ತೀರ ಹತ್ತಿರವಿದ್ದರೂ ಕಷ್ಟ. ಜುಲೈ ತಿಂಗಳಲ್ಲಿ ಘಟ್ಟದಿಂದ ಬರುವ ಮೋಡ ಬೆಳಗಾವಿಯನ್ನೂ ಹುಬ್ಬಳ್ಳಿಯನ್ನೂ ಒಟ್ಟಿಗೇ ಮುಚ್ಚಿದರೆ ಬದಲಿಗೆ ಬೇರೆ ಊರನ್ನೇ ನೋಡಬೇಕು.

ಹಾಗಾದರೆ ಈ ಎರಡು ನಿಲ್ದಾಣಗಳ ನಡುವೆ ಏನು ಓಡಬೇಕು? ವಿಮಾನವಲ್ಲ, ರೈಲು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ನೇರ ರೈಲು ಮಾರ್ಗದ ಯೋಜನೆ ಬಹಳ ಕಾಲದ ಬೇಡಿಕೆ. ರೈಲ್ವೆ ರಾಜ್ಯ ಸಚಿವರಾಗಿದ್ದ ಬೆಳಗಾವಿಯ ಸಂಸದ ಸುರೇಶ ಅಂಗಡಿಯವರು ಅದಕ್ಕೆ ಒತ್ತು ಕೊಟ್ಟರು. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಅವರನ್ನು ಕರೆದೊಯ್ದಿತು. ಫಲವತ್ತಾದ ಹೊಲ ಕಳೆದುಕೊಳ್ಳುವ ರೈತರ ಆತಂಕ, ಭೂಸ್ವಾಧೀನದ ತೊಡಕು ಇವೆಲ್ಲ ಸೇರಿ ಕೆಲಸ ಕುಂಟಿತು. ರೈತರಿಗೆ ತಕ್ಕ ಬೆಲೆ ಕೊಟ್ಟು, ಅವರ ಮಾತು ಕೇಳಿ ಇದನ್ನು ಮುಗಿಸಬೇಕು. ಬೆಂಗಳೂರು–ಬೆಳಗಾವಿ ವಂದೇ ಭಾರತ್ 2025ರ ಆಗಸ್ಟಿನಲ್ಲಿ ಶುರುವಾಯಿತು. ಅದು ಕೂಡ ಧಾರವಾಡ ದಾಟಿದ ಮೇಲೆ ಲೋಂಡಾ ಸುತ್ತಿಕೊಂಡೇ ಬರಬೇಕಾಗಿದೆ.

ಅಲ್ಲಿಯವರೆಗೆ ಸಣ್ಣ ಕೆಲಸವೊಂದನ್ನು ನಾಳೆಯೇ ಮಾಡಬಹುದು: ಗೋಕುಲ ರೋಡಿನ ನಿಲ್ದಾಣದಿಂದ ಸಾಂಬ್ರಾದವರೆಗೆ, ಧಾರವಾಡ, ಕಿತ್ತೂರು, ಎಂ.ಕೆ. ಹುಬ್ಬಳ್ಳಿಯಲ್ಲಿ ನಿಲ್ಲುತ್ತ, ವಿಮಾನಗಳ ಹೊತ್ತಿಗೆ ಹೊಂದುವಂತೆ ದಿನಕ್ಕೆ ನಾಲ್ಕಾರು ಬಸ್ಸು. ಬೆಳಿಗ್ಗೆ ಒಂದು ನಿಲ್ದಾಣದಲ್ಲಿ ಹತ್ತಿದವರು ರಾತ್ರಿ ಇನ್ನೊಂದರಲ್ಲಿ ಇಳಿದರೂ ಮನೆ ಮುಟ್ಟುವಂತಾದರೆ ಸಾಕು.

ಓದುಗರಲ್ಲೂ ಒಂದು ಮಾತು. ಟಿಕೆಟ್ ತೆಗೆಯುವ ಮೊದಲು ನಿಮ್ಮೂರಿನ ಹೆಸರಿನ ನಿಲ್ದಾಣವನ್ನಷ್ಟೇ ನೋಡಬೇಡಿ, ಪಕ್ಕದ್ದನ್ನೂ ನೋಡಿ. ಮನೆಯ ಬಾಗಿಲಿನಿಂದ ನಿಲ್ದಾಣಕ್ಕೆ ಎಷ್ಟು ತಾಸು, ಅಲ್ಲಿ ಕಾಯುವುದು ಎಷ್ಟು, ಹಾರಾಟ ಎಷ್ಟು, ಇಳಿದ ಮೇಲೆ ಊರು ಸೇರಲು ಎಷ್ಟು ಎಂದು ಬರೆದು ಕೂಡಿಸಿ. ಆ ಮೊತ್ತವೇ ನಿಮ್ಮ ದೂರ.

ಕಾಕಾನಿಗೆ ಮರುದಿನ ಫೋನ್ ಮಾಡಿ, ದೂರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಹಗಲು ಹೊತ್ತಿನಲ್ಲಿ ಇಳಿಯುವ ವಿಮಾನ ಯಾವುದೋ ಅದನ್ನೇ ನೋಡಿ ಎಂದು ತಿದ್ದಿಕೊಂಡೆ. ನೇರ ರೈಲು ಮಾರ್ಗದ ಉದ್ದ ಎಷ್ಟೆಂದು ಅವರು ಕೇಳಿದರು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ 73 ಕಿಲೋಮೀಟರ್.